ಬೆಳ್ಳಿಗೆ ಚುಕ್ಕಿ ಮೇಲೆ ಹೊಟ್ಟೆಕಿಚ್ಚಾ? ಜೋಡಿ ಮೊಲದ ಜಗಳಕ್ಕೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟದ ಮನೆ. ಮಾರ್ಚ್‌ನಲ್ಲಿ ಮಗಳಿಗೆ ಅಂತ ಸಂತೆಯಿಂದ ಎರಡು ಮೊಲದ ಮರಿ ತಂದೆವು. ಆಗ ಅವಕ್ಕೆ ಎರಡು ತಿಂಗಳು. ಒಂದೇ ತಾಯಿಯವು, ಎರಡೂ ಹೆಣ್ಣು ಅಂತ ಕೊಟ್ಟವರು ಹೇಳಿದ್ದರು. ಬೆಳ್ಳಿ, ಚುಕ್ಕಿ ಅಂತ ಹೆಸರಿಟ್ಟೆವು. ಮೇ ತನಕ ಒಂದನ್ನೊಂದು ಬಿಟ್ಟಿರುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ಅಂಗಳದ ಗೂಡನ್ನು ಹಿಂದಿನ ಜಗಲಿಗೆ ತಂದಿಟ್ಟೆವು. ಆಮೇಲೆ ಬೆಳ್ಳಿ ಪೂರ್ತಿ ಬದಲಾದಳು. ಚುಕ್ಕಿಯ ಮೇಲೆ ಹತ್ತುತ್ತಾಳೆ, ಬೆನ್ನಿನ ಕೂದಲು ಕೀಳುತ್ತಾಳೆ, ಉಚ್ಚೆ ಹಾರಿಸುತ್ತಾಳೆ. ಮಗಳು ಚುಕ್ಕಿಯನ್ನು ಎತ್ತಿಕೊಂಡರೆ ಓಡಿ ಬಂದು ಮಗಳ ಕಾಲು ಸುತ್ತುತ್ತಾಳೆ, ಕಚ್ಚುತ್ತಾಳೆ. ಚುಕ್ಕಿ ಮೂಲೆ ಸೇರಿದ್ದಾಳೆ. ಎರಡು ದಿನದಿಂದ ಬಾಯಲ್ಲಿ ಒಣಹುಲ್ಲು ಕಚ್ಚಿಕೊಂಡು ಓಡಾಡುತ್ತಿದ್ದಾಳೆ. ಇದು ಹೊಟ್ಟೆಕಿಚ್ಚಾ ಡಾಕ್ಟ್ರೇ? ಬೆಳ್ಳಿಯನ್ನು ಯಾರಿಗಾದರೂ ಕೊಡಬೇಕಾ, ಇಲ್ಲಾ ತೋಟಕ್ಕೆ ಬಿಟ್ಟುಬಿಡಬೇಕಾ? ಮೂರನೆಯದೊಂದು ತಂದರೆ ಸರಿಹೋಗುತ್ತೆ ಅಂತ ಮಗಳ ವಾದ.

ಉತ್ತರ: ಚುಕ್ಕಿ ಒಣಹುಲ್ಲು ಕಚ್ಚಿಕೊಂಡು ಓಡಾಡುತ್ತಿದೆ ಅನ್ನುವುದನ್ನು ನೀವು ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ. ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ಹೊಟ್ಟೆಕಿಚ್ಚಿನ ವಿಚಾರ ಆಮೇಲೆ ನೋಡೋಣ. ಇದನ್ನು ಓದಿದ ತಕ್ಷಣ ಎರಡನ್ನೂ ಬೇರೆ ಬೇರೆ ಮಾಡಿ. ನಾಳೆ ಅಲ್ಲ, ಇವತ್ತೇ.

ಹೆಣ್ಣು ಮೊಲ ಹೀಗೆ ಹುಲ್ಲು ಒಟ್ಟುವುದು ಮರಿಗೆ ಜಾಗ ಮಾಡುವುದಕ್ಕೆ. ಮುಂದೆ ತನ್ನದೇ ಗಂಗೆದೊಗಲಿನ ಮತ್ತು ಹೊಟ್ಟೆಯ ಕೂದಲು ಕಿತ್ತು ಆ ಹುಲ್ಲಿನ ಮೇಲೆ ಹಾಸುತ್ತದೆ. ಇದಕ್ಕೆ ಎರಡು ಕಾರಣ ಇರಬಹುದು. ಚುಕ್ಕಿ ಗಬ್ಬ ಆಗಿದ್ದು ಇಷ್ಟರಲ್ಲೇ ಮರಿ ಹಾಕಬಹುದು. ಇಲ್ಲವೇ ಅದು ಸುಳ್ಳು ಗಬ್ಬ. ಹಸುವಿಗೋ ನಾಯಿಗೋ ಇರುವಂಥ ಗೊತ್ತಾದ ಬೆದೆಯ ದಿನ ಮೊಲಕ್ಕಿಲ್ಲ. ಮೇಲೆ ಹತ್ತಿದ ಮೇಲೆಯೇ ಅಂಡ ಬಿಡುಗಡೆ ಆಗುವುದು. ಹತ್ತಿದ್ದು ಇನ್ನೊಂದು ಹೆಣ್ಣೇ ಆದರೂ ಮೈ ಮೋಸ ಹೋಗುತ್ತದೆ. ಆಗ 16ರಿಂದ 18 ದಿನ ಗಬ್ಬದ ಲಕ್ಷಣ ಎಲ್ಲಾ ಕಾಣುತ್ತದೆ, ಮುನಿಸೂ ಇರುತ್ತದೆ, ಮರಿ ಮಾತ್ರ ಇರುವುದಿಲ್ಲ. ನಿಜವಾದ ಗಬ್ಬ 30ರಿಂದ 32 ದಿನ.

ಈಗ ಬೆಳ್ಳಿಯ ವಿಚಾರ. ನೀವು ಅವಳು ಅಂದಿದ್ದೀರಿ. ನನಗೆ ಅದು ಗಂಡು ಅನ್ನುವ ಅನುಮಾನ ಜಾಸ್ತಿ. ಬರೀ ಹತ್ತುವುದು ನೋಡಿ ಹೇಳುತ್ತಿಲ್ಲ, ಹೆಣ್ಣೂ ಹತ್ತುತ್ತದೆ. ಆದರೆ ಹತ್ತುವುದು, ಉಚ್ಚೆ ಹಾರಿಸುವುದು, ಕಾಲು ಸುತ್ತುವುದು ಮೂರೂ ಐದಾರು ತಿಂಗಳ ವಯಸ್ಸಿನಲ್ಲಿ ಒಟ್ಟಿಗೆ ಬಂದರೆ ಹೆಚ್ಚಾಗಿ ಗಂಡೇ. ಎರಡು ತಿಂಗಳ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಕೊಟ್ಟವರು ಬೇಕು ಅಂತ ಸುಳ್ಳು ಹೇಳಿರಲಿಕ್ಕಿಲ್ಲ, ಅವರಿಗೂ ಗೊತ್ತಾಗಿರುವುದಿಲ್ಲ.

ಮನೆಯಲ್ಲೇ ನೋಡಬಹುದು. ಇಬ್ಬರು ಬೇಕು. ಒಬ್ಬರು ನೆಲದ ಮೇಲೆ ಕೂತು, ಮೊಲದ ಬೆನ್ನು ತಮ್ಮ ಎದೆಗೆ ಒರಗುವ ಹಾಗೆ ಹಿಡಿಯಬೇಕು. ಒಂದು ಕೈ ಮುಂಗಾಲಿನ ಕೆಳಗೆ, ಇನ್ನೊಂದು ಕೈ ಕುಂಡಿಯ ಕೆಳಗೆ ಆಸರೆ. ಇನ್ನೊಬ್ಬರು ಗುದದ್ವಾರಕ್ಕಿಂತ ಸ್ವಲ್ಪ ಮೇಲೆ, ಹೊಟ್ಟೆಯ ಕಡೆಗಿರುವ ರಂಧ್ರದ ಎರಡೂ ಪಕ್ಕ ಬೆರಳಿಟ್ಟು ಮೆತ್ತಗೆ ಒತ್ತಬೇಕು. ಗಂಡಾದರೆ ಸಣ್ಣ ಕೊಳವೆಯಂಥದ್ದು ಹೊರಗೆ ಬರುತ್ತದೆ, ತುದಿಯಲ್ಲಿ ದುಂಡನೆ ಚುಕ್ಕೆ. ಹೆಣ್ಣಾದರೆ ಉದ್ದಕ್ಕೆ ಸೀಳು ಕಾಣುತ್ತದೆ. ಈ ವಯಸ್ಸಿನ ಗಂಡಿಗೆ ತೊಡೆಸಂದಿಯಲ್ಲಿ ಕೂದಲಿಲ್ಲದ ಎರಡು ಉದ್ದನೆ ಚೀಲ ಕಾಣಬೇಕು. ಹೆದರಿದರೆ ಬೀಜವನ್ನು ಒಳಕ್ಕೆ ಎಳೆದುಕೊಳ್ಳುವ ಶಕ್ತಿ ಮೊಲಕ್ಕಿದೆ. ಹಾಗಾಗಿ ಕಾಣಲಿಲ್ಲ ಅಂದ ಮಾತ್ರಕ್ಕೆ ಹೆಣ್ಣು ಅಂದುಕೊಳ್ಳಬೇಡಿ. ಬೇಗ ನೋಡಿ ಬೇಗ ಬಿಡಿ. ಅಂಗಾತ ಮಲಗಿಸಿದಾಗ ಮೊಲ ಅಲ್ಲಾಡದೆ ಬಿದ್ದಿರುವುದು ಹೆದರಿಕೆಯಿಂದ, ಹಾಯಾಗಿದೆ ಅಂತ ಅಲ್ಲ. ಚುಕ್ಕಿಯ ಹೊಟ್ಟೆ ಒತ್ತಿ ಮರಿ ಇದೆಯಾ ಅಂತ ಹುಡುಕುವ ಕೆಲಸಕ್ಕಂತೂ ಹೋಗಬೇಡಿ, ಅದು ವೈದ್ಯರಿಗೆ ಬಿಟ್ಟದ್ದು.

ಬೆಳ್ಳಿ ಗಂಡಾದರೆ ಚುಕ್ಕಿ ಗಬ್ಬ ಅಂತಲೇ ಲೆಕ್ಕ ಹಾಕಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಮರದ ಪೆಟ್ಟಿಗೆ ಕೊಡಿ. ಒಂದು ಕಡೆಯ ಅಂಚು ತಗ್ಗಾಗಿರಲಿ. ಒಳಗೆ ತುಂಬಾ ಹುಲ್ಲು ಹಾಕಿ ಕತ್ತಲಿರುವ ಕಡೆ ಇಟ್ಟು ಸುಮ್ಮನಿದ್ದುಬಿಡಿ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಕಣ್ಣು ಬಿಡುವುದು ಸುಮಾರು ಹತ್ತು ದಿನಕ್ಕೆ. ತಾಯಿ ದಿನಕ್ಕೆ ಒಂದೋ ಎರಡೋ ಸಲ, ಅದೂ ಕೆಲವೇ ನಿಮಿಷ ಹಾಲು ಕೊಟ್ಟು ಹೊರಗೆ ಬಂದುಬಿಡುತ್ತದೆ. ಮರಿ ನೋಡಿಕೊಳ್ಳುತ್ತಿಲ್ಲ ಅಂತ ಮನೆಯವರೆಲ್ಲ ಗಾಬರಿ ಆಗುತ್ತಾರೆ, ಆದರೆ ಮೊಲದ ರೀತಿಯೇ ಅದು. ಮರಿಗಳ ಹೊಟ್ಟೆ ದುಂಡಗೆ ತುಂಬಿದ್ದರೆ ಹಾಲು ಸಿಕ್ಕಿದೆ ಅಂತ. ಬೆಳ್ಳಿಯನ್ನು ಆ ಕಡೆ ಬಿಡಲೇಬೇಡಿ. ಮರಿ ಹಾಕಿದ ದಿನವೇ ಹೆಣ್ಣು ಮೊಲ ಮತ್ತೆ ಗಬ್ಬ ಆಗಬಲ್ಲದು. ಹುಟ್ಟಿದ ಮರಿಗಳಲ್ಲಿ ಗಂಡನ್ನು ಹತ್ತು ವಾರದೊಳಗೆ ಬೇರೆ ಮಾಡದಿದ್ದರೆ ಇದೇ ಕತೆ ಮುಂದುವರಿಯುತ್ತದೆ.

ಹೊಟ್ಟೆಕಿಚ್ಚಿನ ಮಾತಿಗೆ ಬರೋಣ. ಮಗಳ ಪ್ರೀತಿ ಚುಕ್ಕಿಗೆ ಹೋಯಿತು ಅಂತ ಬೆಳ್ಳಿ ಕೊರಗುತ್ತಿಲ್ಲ. ಮೊಲದ ಜಗಳ ಬಹುಮಟ್ಟಿಗೆ ಜಾಗದ ಜಗಳ. ನಾವು ಸಾಕುವ ಮೊಲಗಳೆಲ್ಲ ಯುರೋಪಿನ ಬಿಲದ ಮೊಲದ ಸಂತತಿ. ಅವು ನೆಲದೊಳಗೆ ಬಿಲ ತೋಡಿ ಗುಂಪಾಗಿ ಬದುಕುತ್ತವೆ. ಗುಂಪಿನಲ್ಲಿ ಗಂಡಿನ ಸಾಲು ಬೇರೆ, ಹೆಣ್ಣಿನ ಸಾಲು ಬೇರೆ. ಒಳ್ಳೆ ಬಿಲ ಯಾರಿಗೆ, ಮೇವು ಮೊದಲು ಯಾರಿಗೆ, ಯಾರು ಬಂದರೆ ಯಾರು ಸರಿಯಬೇಕು ಅನ್ನುವುದೆಲ್ಲ ತೀರ್ಮಾನ ಆಗಿರುತ್ತದೆ. ಮರಿಯಾಗಿದ್ದಾಗ ಈ ಪ್ರಶ್ನೆ ಏಳುವುದಿಲ್ಲ. ನಾಲ್ಕೈದು ತಿಂಗಳಿಗೆ ವಯಸ್ಸಿಗೆ ಬಂದಾಗ ಏಳುತ್ತದೆ. ಅದಕ್ಕೇ ಅಕ್ಕತಂಗಿಯರ ಹಾಗಿದ್ದವು ಒಂದು ವಾರದಲ್ಲಿ ವೈರಿಗಳಾದವು ಅನಿಸುವುದು.

ನಿಮ್ಮ ಮನೆಯಲ್ಲಿ ಎರಡು ಸಂಗತಿ ಒಂದೇ ಸಲ ಆಗಿವೆ. ಮೊಲಗಳು ವಯಸ್ಸಿಗೆ ಬಂದವು, ಅದೇ ಹೊತ್ತಿಗೆ ಮಳೆಯೂ ಬಂತು. ಕೊಡಗಿನಲ್ಲಿ ಮೊಲದ ಜಗಳ ಅಂತ ನನಗೆ ಫೋನು ಬರುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ ಜಾಸ್ತಿ. ಬೇಸಗೆಯಲ್ಲಿ ಅಂಗಳದಲ್ಲೋ ಕಾಫಿ ಒಣಗಿಸುವ ಕಣದಲ್ಲೋ ಬಿಟ್ಟಿರುತ್ತಾರೆ. ಮುನಿಸು ಬಂದರೆ ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ ಹೋಗುತ್ತದೆ, ಮುಗಿಯಿತು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಅದೇ ಜೋಡಿಯನ್ನು ಮೂರಡಿ ಗೂಡಿನಲ್ಲಿ ಇಡೀ ದಿನ ಹಾಕಿಟ್ಟರೆ ಸೋತದ್ದು ಸರಿಯುವುದೆಲ್ಲಿಗೆ? ಸೋತ ಮೊಲ ಓಡಿಹೋದರೆ ಗೆದ್ದದ್ದು ಬಿಟ್ಟುಬಿಡುತ್ತದೆ. ಓಡಲು ಜಾಗ ಇಲ್ಲದಿದ್ದರೆ ಸೋತದ್ದು ಸೋತಿದೆ ಅಂತ ಗೆದ್ದದ್ದಕ್ಕೆ ಗೊತ್ತೇ ಆಗುವುದಿಲ್ಲ. ಚುಕ್ಕಿಯ ಬೆನ್ನಿನ ಕೂದಲು ಹೋಗಿರುವುದು ಹೀಗೆ.

ಎರಡು ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ, ಅದೂ ಹಗಲು ರಾತ್ರಿ ಸಿಗಬೇಕು ಅಂತ ಬ್ರಿಟನ್ನಿನಲ್ಲಿ ಮೊಲದ ಯೋಗಕ್ಷೇಮ ನೋಡುವವರು ಹೇಳುತ್ತಾರೆ. ಹೆಚ್ಚುಕಮ್ಮಿ ನಿಮ್ಮ ಹಿಂದಿನ ಜಗಲಿಯಷ್ಟೇ ಆಯಿತು. ಗೂಡಿನ ಬಾಗಿಲು ತೆಗೆದಿಟ್ಟು, ಜಗಲಿಗೇ ಮೆಶ್ ಹಾಕಿಸಿಬಿಡಿ. ಇರಚಲು ಹೊಡೆಯುವ ಕಡೆ ತಾಡಪಾಲು ಕಟ್ಟಿ, ಆದರೆ ಗಾಳಿ ಆಡಲಿ. ಉಚ್ಚೆಯ ಘಾಟು ನಿಂತರೆ ಶೀತ, ಸೀನು ಶುರುವಾಗುತ್ತದೆ. ಬಚ್ಚಲೊಲೆ ಹತ್ತಿರ ಬೆಚ್ಚಗಿರಲಿ ಅಂತ ಇಡುವವರಿದ್ದಾರೆ. ಹೊಗೆ ಬೇಡ. ಮೊಲಕ್ಕೆ ಚಳಿಗಿಂತ ತೇವ ಮತ್ತು ಹೊಗೆಯದ್ದೇ ತೊಂದರೆ.

ಎರಡನ್ನೂ ಒಟ್ಟಿಗೆ ಇಡುವ ಕಾಲ ಬಂದಾಗ ಎಲ್ಲವೂ ಎರಡೆರಡು ಇರಲಿ. ನೀರಿನ ಬಟ್ಟಲು ಎರಡು, ಹುಲ್ಲಿನ ರಾಶಿ ಎರಡು, ಹಿಕ್ಕೆ ಹಾಕುವ ತಟ್ಟೆ ಎರಡು, ಅವೂ ದೂರ ದೂರ. ಅಡಗುವುದಕ್ಕೆ ರಟ್ಟಿನ ಪೆಟ್ಟಿಗೆ ಸಾಕು. ಆದರೆ ಪ್ರತಿಯೊಂದಕ್ಕೂ ಎರಡು ಬಾಗಿಲು ಕೊರೆಯಿರಿ. ಒಂದೇ ಬಾಗಿಲಿದ್ದರೆ ಬಾಗಿಲಲ್ಲಿ ಒಂದು ಕೂತುಬಿಡುತ್ತದೆ, ಒಳಗಿರುವುದಕ್ಕೆ ದಾರಿ ಇಲ್ಲ. ನಾನು ನೋಡಿರುವ ಕೆಟ್ಟ ಗಾಯಗಳು ಹೆಚ್ಚಾಗಿ ಹೀಗೆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಆದವು. ಪೆಲೆಟ್ ಆಹಾರವನ್ನು ಒಂದು ಬಟ್ಟಲಿಗೆ ಸುರಿಯದೆ ನೆಲದ ಮೇಲೆ ಅಲ್ಲಲ್ಲಿ ಚೆಲ್ಲಿ. ಹುಡುಕಿ ತಿನ್ನುವುದರಲ್ಲಿ ಹೊತ್ತೂ ಹೋಗುತ್ತದೆ, ಕಾವಲು ಕೂರುವುದಕ್ಕೆ ಬಟ್ಟಲೂ ಇರುವುದಿಲ್ಲ.

ಮೇವಿನ ಬಗ್ಗೆ ಒಂದು ಮಾತು, ತೋಟದ ಮನೆ ಅಂದಿದ್ದಕ್ಕೆ. ಮಳೆಗೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದಿರುತ್ತೀರಿ. ಮೈಲುತುತ್ತು ಬಿದ್ದ ಹುಲ್ಲನ್ನು ಮೊಲಕ್ಕೆ ಹಾಕಬೇಡಿ. ಕಳೆನಾಶಕ ಹೊಡೆದ ಕಡೆಯದ್ದೂ ಬೇಡ. ಮನೆ ಹತ್ತಿರ, ಏನೂ ಹೊಡೆಯದ ಜಾಗದ ಹುಲ್ಲು ತಂದು, ನೀರು ಆರಿಸಿ ಹಾಕಿ. ರಾಶಿ ಹಾಕಿ ಬಿಸಿ ಏರಿದ ಹಸಿ ಹುಲ್ಲು, ಬೂಷ್ಟು ಹಿಡಿದ ಒಣಹುಲ್ಲು ಎರಡೂ ಹೊಟ್ಟೆ ಕೆಡಿಸುತ್ತವೆ.

ಇನ್ನು ಮಗಳ ಕಾಲು ಕಚ್ಚುವುದು. ಬೆಳ್ಳಿ ಕಾಲು ಸುತ್ತುವಾಗ ಹೂಂ ಹೂಂ ಅನ್ನುವ ಸಣ್ಣ ಸದ್ದು ಬರುತ್ತದಾ ಅಂತ ಕಿವಿಗೊಟ್ಟು ಕೇಳಿ. ಬಂದರೆ ಅದು ಸಿಟ್ಟಲ್ಲ, ಸರಸ. ವಯಸ್ಸಿಗೆ ಬಂದ ಮೊಲ ಹೆಣ್ಣು ಮೊಲದ ಸುತ್ತ ಹೇಗೆ ತಿರುಗುತ್ತದೋ ಮನುಷ್ಯರ ಕಾಲಿನ ಸುತ್ತಲೂ ಹಾಗೇ ತಿರುಗುತ್ತದೆ, ನಡುವೆ ಒಂದು ಕಚ್ಚು ಕೊಡುತ್ತದೆ. ಮಗಳ ಬಟ್ಟೆಯಲ್ಲಿ ಚುಕ್ಕಿಯ ವಾಸನೆ ಇದ್ದರೆ ಇನ್ನೂ ಜಾಸ್ತಿ. ಕಂಬಕ್ಕೆ, ಪೆಟ್ಟಿಗೆಯ ಮೂಲೆಗೆ ಗಲ್ಲ ಉಜ್ಜುವುದನ್ನೂ ನೀವು ನೋಡಿರಬಹುದು. ಗಲ್ಲದ ಕೆಳಗೆ ವಾಸನೆಯ ಗ್ರಂಥಿ ಇದೆ. ಇದು ನನ್ನದು ಅಂತ ಗುರುತು ಹಾಕುವ ಕ್ರಮ ಅದು. ಉಚ್ಚೆ ಹಾರಿಸುವುದರ ಅರ್ಥವೂ ಇಷ್ಟೇ.

ಮಗಳಿಗೆ ಎರಡು ವಿಷಯ ಹೇಳಿಕೊಡಿ. ಒಂದು, ಎತ್ತಿಕೊಳ್ಳುವುದನ್ನು ಬಿಡಲಿ. ನೆಲದಿಂದ ಕಾಲು ಎತ್ತಿದರೆ ಮೊಲಕ್ಕೆ ಹದ್ದು ಹಿಡಿದುಕೊಂಡು ಹೋದ ಹಾಗೆ. ಜೋರಾಗಿ ಒದೆಯುತ್ತದೆ, ಆ ಒದೆತಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಮಗಳು ನೆಲದ ಮೇಲೆ ಕೂರಲಿ, ಬೇಕಾದರೆ ಅವೇ ಬರುತ್ತವೆ. ಎರಡು, ಸೋತದ್ದನ್ನು ಸಮಾಧಾನ ಮಾಡಲು ಹೋಗದಿರಲಿ. ಪಾಪ ಚುಕ್ಕಿ ಅಂತ ಎತ್ತಿ ಮುದ್ದಾಡಿ ಕೆಳಗೆ ಬಿಟ್ಟ ಕೂಡಲೇ ಬೆಳ್ಳಿ ಮತ್ತೆ ಬೆನ್ನು ಹತ್ತುತ್ತದೆ. ಸವರುವುದಾದರೆ ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಸವರಲಿ. ಬೆಳ್ಳಿಗೆ ಹೊಡೆಯುವುದು, ನೀರು ಎರಚುವುದು, ಗದರುವುದು ಬೇಡವೇ ಬೇಡ. ಹೊಡೆತಕ್ಕೆ ಕಾರಣ ಏನು ಅಂತ ಮೊಲಕ್ಕೆ ಅರ್ಥ ಆಗುವುದಿಲ್ಲ, ಹೊಡೆದ ಕೈ ಮಾತ್ರ ನೆನಪಿರುತ್ತದೆ.

ನಿಜವಾದ ಪರಿಹಾರ ಆಪರೇಷನ್. ಉಳಿದದ್ದೆಲ್ಲ ಅದಕ್ಕೆ ಸಹಾಯ ಮಾಡುವಂಥದ್ದು. ಗಂಡಿಗೆ ಬೀಜ ತೆಗೆಸಿ, ಹೆಣ್ಣಿಗೆ ಅಂಡಾಶಯ, ಗರ್ಭಕೋಶ ಎರಡೂ ತೆಗೆಸಿ. ಚುಕ್ಕಿಗೆ ಮರಿ ಆದರೆ ಅವು ಹಾಲು ಬಿಟ್ಟ ಮೇಲೆ ಮಾಡಿಸಬಹುದು. ಹೆಣ್ಣಿಗೆ ಮಾಡಿಸುವುದಕ್ಕೆ ಜಗಳಕ್ಕಿಂತ ದೊಡ್ಡ ಕಾರಣವೂ ಇದೆ. ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ಮೂರ್ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ಎರಡೂ ಹೆಣ್ಣೇ ಅಂತ ಗೊತ್ತಾದರೂ ನನ್ನ ಸಲಹೆ ಇದೇ. ಎರಡೂ ಗಂಡಾಗಿದ್ದರೆ ಹುಲ್ಲು ಒಟ್ಟುವ ಪ್ರಶ್ನೆಯೇ ಇರುತ್ತಿರಲಿಲ್ಲ, ಬಿಡಿ.

ಮೊಲಕ್ಕೆ ಅರಿವಳಿಕೆ ಕೊಡುವುದು ನಾಯಿಗೆ ಕೊಟ್ಟಂತಲ್ಲ. ಮೊಲದ ಆಪರೇಷನ್ ಮಾಡಿ ಅಭ್ಯಾಸ ಇರುವವರನ್ನೇ ಹುಡುಕಿ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಮೈಸೂರಿನ ಸಾಕುಪ್ರಾಣಿ ಕ್ಲಿನಿಕ್ಕುಗಳಿಗೋ ಫೋನು ಮಾಡಿ ಕೇಳಿಕೊಂಡು ಹೋಗಿ. ಮಾಡುವವರಿಗೆ ಕೆಲಸ ಗೊತ್ತಾ ಅಂತ ತಿಳಿಯುವುದಕ್ಕೆ ಒಂದು ಗುರುತಿದೆ. ಹಿಂದಿನ ರಾತ್ರಿಯಿಂದ ಉಪವಾಸ ಹಾಕಿ ಅಂತ ಹೇಳಿದರೆ ಅನುಮಾನ ಪಡಿ. ಮೊಲ ವಾಂತಿ ಮಾಡುವುದಿಲ್ಲ, ಅದರ ಕರುಳು ನಿಲ್ಲಬಾರದು. ಆಪರೇಷನ್ ಮುಂಚೆ ತಿನ್ನುತ್ತಿರಬೇಕು, ಆದ ಮೇಲೂ ಆದಷ್ಟು ಬೇಗ ತಿನ್ನಲು ಶುರು ಮಾಡಬೇಕು. ಹನ್ನೆರಡು ಗಂಟೆ ಏನೂ ಮುಟ್ಟದ, ಹಿಕ್ಕೆ ಹಾಕದ ಮೊಲ ತುರ್ತು ಕೇಸು, ಯಾವಾಗ ಆದರೂ ಸರಿ.

ಬೀಜ ತೆಗೆಸಿದ ಮರುದಿನವೇ ಬೆಳ್ಳಿ ಸಾಧು ಆಗುವುದಿಲ್ಲ. ಹಾರ್ಮೋನು ಇಳಿಯಲು ವಾರಗಟ್ಟಲೆ ಬೇಕು. ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ಗಂಡು ಮೊಲ ಗಬ್ಬ ಮಾಡಬಲ್ಲದು. ಅಷ್ಟು ದಿನ ಬೇರೆಯೇ ಇರಲಿ. ಆದರೆ ಕಣ್ಣಿಗೆ ಕಾಣುವ ಹಾಗೆ ಬೇರೆ ಇಡಿ. ಎರಡು ಮೆಶ್ಶಿನ ನಡುವೆ ಮೂರು ಬೆರಳಿನಷ್ಟು ಸಂದು ಬಿಡಿ. ಒಂದೇ ಮೆಶ್ ಇದ್ದರೆ ಮೂಗು ಕಚ್ಚಿಕೊಳ್ಳುತ್ತವೆ. ಎರಡು ದಿನಕ್ಕೊಮ್ಮೆ ಇದರ ಹಿಕ್ಕೆ ತಟ್ಟೆ ಅದಕ್ಕೆ, ಅದರದ್ದು ಇದಕ್ಕೆ ಬದಲಿಸಿ. ಮೇವನ್ನು ಮೆಶ್ಶಿನ ಪಕ್ಕದಲ್ಲೇ ಹಾಕಿ. ಆಚೆ ಈಚೆ ಕೂತು ನಿರಾಳವಾಗಿ ತಿನ್ನಲು ಶುರು ಮಾಡಿದರೆ, ಮೆಶ್ಶಿಗೆ ಒರಗಿ ಮಲಗಿದರೆ, ಮುಂದಿನ ಹೆಜ್ಜೆ ಇಡಬಹುದು.

ಮುಂದಿನ ಹೆಜ್ಜೆ ಅಂದರೆ ಇಬ್ಬರದ್ದೂ ಅಲ್ಲದ ಜಾಗದಲ್ಲಿ ಭೇಟಿ. ಜಗಲಿ ಬೇಡ, ಅದು ಈಗ ಅವುಗಳದ್ದು. ಮನೆಯೊಳಗೆ ಅವು ಕಾಲಿಡದ ಒಂದು ಕೋಣೆ ಆಗಬಹುದು. ಗೊಬ್ಬರ, ಔಷಧಿ, ಇಲಿ ಪಾಷಾಣ ಇಟ್ಟಿರುವ ಸ್ಟೋರ್ ರೂಮು ಮಾತ್ರ ಬೇಡ. ಬಿಸಿಲು ಬಂದ ಮೇಲಾದರೆ ಕಣವೇ ಚೆನ್ನ, ನಾಯಿ ಕಟ್ಟಿಹಾಕಿ. ನಯವಾದ ನೆಲ ಇದ್ದರೆ ಗೋಣಿ ಹಾಸಿ, ಕಾಲು ಜಾರಿದರೆ ಹೆದರುತ್ತವೆ. ನೀವು ಗಮ್‌ಬೂಟು ಹಾಕಿಕೊಂಡು ಒಳಗೆ ಕೂರಿ. ಕೈಯಲ್ಲಿ ಒಂದು ಮೊರ ಇರಲಿ. ಮೊದಲ ದಿನ ಹತ್ತು ಹದಿನೈದು ನಿಮಿಷ ಸಾಕು.

ಈ ಹೊತ್ತಿನಲ್ಲಿ ಸುಮ್ಮನೆ ಕೂರುವುದೇ ಕಷ್ಟದ ಕೆಲಸ. ಬೆಳ್ಳಿ ಅಟ್ಟಿಸಿಕೊಂಡು ಹೋಗುತ್ತದೆ, ಹತ್ತುತ್ತದೆ, ಒಂದಷ್ಟು ಕೂದಲು ಹಾರುತ್ತದೆ. ನಿಮಗೆ ಜೀವ ಬಾಯಿಗೆ ಬರುತ್ತದೆ. ಬಿಡಿಸಬೇಡಿ. ಪ್ರತಿ ಸಲ ನೀವು ಬಿಡಿಸಿದರೆ ಯಾರು ಮೇಲೆ ಅನ್ನುವುದು ತೀರ್ಮಾನ ಆಗುವುದೇ ಇಲ್ಲ, ನಾಳೆ ಮತ್ತೆ ಮೊದಲಿಂದ. ಚುಕ್ಕಿ ಓಡಿ ಹೋಗಿ ನಿಂತು ಮುಖ ತೊಳೆದುಕೊಂಡರೆ, ಒಂದು ಎಸಳು ಹುಲ್ಲು ಕಚ್ಚಿದರೆ, ಬೆಳ್ಳಿ ತಲೆ ನೆಲಕ್ಕೆ ತಗ್ಗಿಸಿ ನನ್ನನ್ನು ನೆಕ್ಕು ಅನ್ನುವ ಹಾಗೆ ಕೂತರೆ ಎಲ್ಲ ಸರಿಯಾಗುತ್ತಿದೆ. ಚುಕ್ಕಿ ನೆಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು.

ಒಂದು ಸಂದರ್ಭದಲ್ಲಿ ಮಾತ್ರ ಹತ್ತಿದ್ದನ್ನು ಬಿಡಿಸಿ. ಬೆಳ್ಳಿ ಹಿಂದುಮುಂದಾಗಿ, ಚುಕ್ಕಿಯ ತಲೆಯ ಕಡೆ ಹತ್ತಿದರೆ ಮೆಲ್ಲನೆ ತಿರುಗಿಸಿ. ಕೆಳಗಿರುವುದು ಆಗ ಎದುರಿಗೆ ಸಿಕ್ಕಿದ್ದನ್ನು ಕಚ್ಚುತ್ತದೆ, ಆ ಗಾಯ ಭೀಕರ.

ನಿಜವಾದ ಕಾದಾಟ ಬೇರೆಯೇ ಇರುತ್ತದೆ. ಬಾಲ ನೆಟ್ಟಗಾಗುತ್ತದೆ, ಕಿವಿ ಹಿಂದಕ್ಕೆ ಒತ್ತಿ ಮಲಗುತ್ತದೆ, ಗುರ್ ಅನ್ನುತ್ತದೆ, ಎರಡೂ ಎದುರುಬದುರು ನಿಂತು ಮುಂಗಾಲಲ್ಲಿ ಹೊಡೆದಾಡುತ್ತವೆ. ಅದಾದ ಕ್ಷಣದಲ್ಲೇ ಒಂದರ ಹೊಟ್ಟೆಗೆ ಇನ್ನೊಂದು ಹಲ್ಲು ಹಾಕಿ ಗಿರ್ರನೆ ಸುತ್ತುತ್ತವೆ. ಬರಿಗೈ ಹಾಕಬೇಡಿ, ಬೆರಳು ಸೀಳಿಹೋಗುತ್ತದೆ. ಮೊರವನ್ನು ನಡುವೆ ತೂರಿಸಿ, ಒಂದರ ಮೇಲೆ ದಪ್ಪ ಟವೆಲ್ ಹಾಕಿ ಎತ್ತಿಕೊಳ್ಳಿ. ಅವತ್ತಿಗೆ ಅಷ್ಟೇ. ಮತ್ತೆ ಮೆಶ್ಶಿನ ಆಚೆ ಈಚೆ ಇಡುವುದರಿಂದ ಶುರು.

ಜಗಳ ಆದ ಮೇಲೆ ಕೂದಲು ಬಿಡಿಸಿ ಚರ್ಮ ನೋಡಿ, ಮುಖ್ಯವಾಗಿ ಬೆನ್ನು, ಹೊಟ್ಟೆ, ತೊಡೆಸಂದಿ. ಮೊಲದ ಹಲ್ಲಿನ ಗಾಯ ಹೊರಗೆ ಸಾಸಿವೆಯಷ್ಟು ಕಾಣುತ್ತದೆ, ಒಳಗೆ ಕೀವು ಕಟ್ಟುತ್ತದೆ. ಮೊಲದ ಕೀವು ಗಟ್ಟಿ, ಸೋರಿ ಹೋಗುವುದಿಲ್ಲ, ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಒದ್ದೆ ಕುಂಡಿಗೂ ಇದೇ ಅಪಾಯ. ದನಕ್ಕೆ ಹುಳ ಬಿದ್ದರೆ ಹಾಕುವ ನುಸಿಗುಳಿಗೆ ಪುಡಿ, ಟರ್ಪೆಂಟೈನ್ ಇವನ್ನು ಮೊಲಕ್ಕೆ ಹಾಕಬೇಡಿ. ನಾಯಿಯ ಉಣ್ಣೆಗೆ ಹೊಡೆಯುವ ಫಿಪ್ರೊನಿಲ್ ಮೊಲದ ಜೀವ ತೆಗೆಯುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕುವುದೂ ಹಾಗೇ, ಕರುಳು ಕೆಟ್ಟು ಸಾಯುತ್ತದೆ. ಉಪ್ಪುನೀರಲ್ಲಿ ತೊಳೆದು, ವೈದ್ಯರಿಗೆ ತೋರಿಸಿ. ಜೋಡಿ ಒಂದಾದ ಮೇಲೆ ಯಾವುದಾದರೂ ಒಂದನ್ನು ಆಸ್ಪತ್ರೆಗೆ ಒಯ್ಯುವುದಿದ್ದರೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯಿರಿ. ಒಂದೇ ಹೋಗಿ ಆಸ್ಪತ್ರೆ ವಾಸನೆ ಹೊತ್ತು ಬಂದರೆ ಮನೆಯಲ್ಲಿದ್ದದ್ದು ಹೊಸಬ ಬಂದ ಅಂತ ಮೈಮೇಲೆ ಬೀಳಬಹುದು.

ಕೊಟ್ಟುಬಿಡುವ ಮಾತು. ಇಷ್ಟೆಲ್ಲ ಮಾಡಿಯೂ ರಕ್ತ ಬರುವ ಜಗಳ ನಿಲ್ಲದ ಜೋಡಿಗಳಿವೆ. ಆಗ ಮೆಶ್ಶಿನ ಆಚೆ ಒಂದು, ಈಚೆ ಒಂದು ಸಾಕಬಹುದು, ಅದರಲ್ಲಿ ತಪ್ಪೇನಿಲ್ಲ. ಒಳ್ಳೆ ಮನೆ ಸಿಕ್ಕರೆ ಕೊಡಬಹುದು, ಆಪರೇಷನ್ ಮಾಡಿಸಿಯೇ ಕೊಡಿ. ತೋಟಕ್ಕೆ ಮಾತ್ರ ಬಿಡಬೇಡಿ. ತೋಟದಲ್ಲಿ ಕಾಡುಮೊಲ ಇದೆಯಲ್ಲ, ಅದರ ಜೊತೆ ಸೇರಿಕೊಳ್ಳುತ್ತೆ ಅನ್ನುತ್ತಾರೆ. ಅದು ಬೇರೆಯೇ ಜಾತಿ. ಬಿಲ ತೋಡುವುದಿಲ್ಲ, ಗುಂಪು ಕಟ್ಟುವುದಿಲ್ಲ, ಸಾಕುಮೊಲದ ಜೊತೆ ಕೂಡುವುದೂ ಇಲ್ಲ. ಬಿಳಿ ಬಣ್ಣದ ಸಾಕುಮೊಲ ಕಾಫಿ ಗಿಡದ ಕೆಳಗೆ ನಾಯಿಗೋ ಕಾಡುಬೆಕ್ಕಿಗೋ ಕಾಣದೆ ಎಷ್ಟು ರಾತ್ರಿ ಉಳಿದೀತು? ಹಾಗೇ, ತೋಟದ ಕಾಡುಮೊಲದ ಮರಿ ಸಿಕ್ಕಿದರೆ ತಂದು ಸಾಕುವ ಹಾಗೂ ಇಲ್ಲ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ.

ಮೂರನೆಯದು ಬೇಡ ಅಂತ ಮಗಳಿಗೆ ಹೇಳಿ. ಈಗ ಒಂದು ಜೋಡಿಯ ನಡುವೆ ಇರುವ ಜಗಳ ಆಗ ಮೂರು ಜೋಡಿಗಳ ನಡುವೆ ಆಗುತ್ತದೆ. ಅಲ್ಲದೆ ನನ್ನ ಅನುಮಾನ ನಿಜವಾದರೆ, ಈ ವಾರದಲ್ಲೇ ಅವಳು ಕೇಳಿದ್ದಕ್ಕಿಂತ ಜಾಸ್ತಿ ಮೊಲ ನಿಮ್ಮ ಜಗಲಿಯಲ್ಲಿರುತ್ತವೆ. ಪೆಟ್ಟಿಗೆ ಇವತ್ತೇ ಇಡಿ.